ಎರಡು ಕೈಯ ಕುಡುಗೋಲು

ಗಾಡಿಯ ಚಕ್ರ ಕೊರಕಲಿಗಿಳಿದು ಮೇಲೆದ್ದಾಗ ಮಡಿಲು ಬೆಚ್ಚಗಾಯಿತು, ಮತ್ತೂ ಬೆಚ್ಚಗೆ, ರಾಮಲಕ್ಷ್ಮಮ್ಮ ಗಾಯದ ಮೇಲೆ ಸೆರಗನ್ನು ಇನ್ನೊಂದು ಸುತ್ತು ಬಿಗಿದಳು — ಅತ್ತೆಯ ಪಾದ ಇಷ್ಟು ಪುಟ್ಟದೇ, ಹಬ್ಬಕ್ಕೆ ಮುಟ್ಟಿ ಕಣ್ಣಿಗೊತ್ತಿಕೊಂಡದ್ದು ಬಿಟ್ಟರೆ ಹಿಡಿದು ನೋಡಿದ್ದೇ ಇಲ್ಲ — ನೋವಾಗ್ತೈತಾ ಅತ್ತೆ, ಇಲ್ಲ ಕಣಮ್ಮ, ಜುಮ್ಮಂತೈತೆ ಅಷ್ಟೇ, ನನ್ನ ಹೊನಗೊನೆ ಸೊಪ್ಪು ಎಲ್ಲೋಯ್ತು — ಆ ಸೊಪ್ಪಿಗೇ ಕೂತಿದ್ದಳು ಮುದುಕಿ, ಕೆರೆಯಂಗಳದಲ್ಲಿ, ಎದೆಮಟ್ಟದ ಹುಲ್ಲಿನೊಳಗೆ, ಯಾರಿಗೆ ಕಾಣಬೇಕು. ಬೆಳಿಗ್ಗೆ ಗ್ರಾಮಸೇವಕರು ಹೊಸ ಉದ್ದ ಕುಡುಗೋಲನ್ನು ಬಿಚ್ಚಿ ತೋರಿಸಿದ್ದರು, ಇದು ಕೋಲು, ಇದು ಮೇಲಿನ ಹಿಡಿ, ಇದು ಕೆಳಗಿನದು, ಈ ಬಳೆಯೊಳಗೆ ಅಲಗಿನ ಬುಡ ಕೂರಿಸಿ ಬೆಣೆ ಹೊಡೆದರಾಯ್ತು, ಬಗ್ಗೋದೇ ಬೇಡ, ನಿಂತ್ಕೊಂಡೇ ಕುಯ್ಯಬಹುದು. ಸೀಮೆ ಕುಡ್ಲು ಅಂತ ಊರೆಲ್ಲ ನಕ್ಕಿತು, ಮುಂದೆ ಬಂದವನು ಅವಳ ಗಂಡ ಕೊಂಡಪ್ಪ ಒಬ್ಬನೇ, ಸೊಂಟನೋವಿನವನು. ಸೊಯ್ಯನೆ ಬೀಸಿದ, ಹುಲ್ಲು ಅರ್ಧಚಂದ್ರವಾಗಿ ಮಲಗಿತು, ನೋಡೇ, ಇನ್ನು ನೀನೂ ಬಗ್ಗಬೇಕಾಗಿಲ್ಲ ಅಂದ, ಮದುವೆಯಾದಾಗಿನಿಂದ ಹಾಗೆ ನಕ್ಕಿರಲಿಲ್ಲ, ಅವಳೂ ನಗುತ್ತಾಳೆ, ಸೊಯ್, ಸೊಯ್, ಆಮೇಲೊಂದು ಅರ್ಧಕ್ಕೇ ನಿಂತಿತು. ಒರೇ ಕೊಂಡಪ್ಪ, ಏನೋ ತಗಲ್ತು ಕಣೋ — ಹುಲ್ಲಿನೊಳಗಿಂದ ಅತ್ತೆಯ ದನಿ, ಮುಳ್ಳು ಚುಚ್ಚಿದವಳಂತೆ. ಹಿಮ್ಮಡಿಯ ಮೇಲೆ ಗಾಯ ಬಾಯಿ ತೆರೆದಿತ್ತು, ಎಳನೀರಿನ ಗಂಜಿಯಷ್ಟು ಬೆಳ್ಳಗೆ, ರಕ್ತ ಯಾಕಿಲ್ಲ, ರಕ್ತ ಯಾಕಿಲ್ಲ ಅಂತ ನೋಡುತ್ತಿರುವಾಗಲೇ ಬಂತು. ನಮ್ಮ ಕುಡ್ಲಿಗಾದರೆ ಎಡಗೈ ಮುಂದೆ ಹೋಗುತ್ತೆ, ಹುಲ್ಲು ಹಿಡಿದು, ಹಾವೋ ಹಕ್ಕಿಗೂಡೋ ತಿಳಿದ ಮೇಲೆ ಬಲಗೈ ಎಳೆಯುತ್ತೆ, ಇದಕ್ಕೆ ಎರಡು ಕೈಯೂ ಕೋಲಿನ ಮೇಲೆ, ಮುಟ್ಟಿ ನೋಡೋಕೆ ಕೈಯೇ ಇಲ್ಲ — ಗೌರಿಬಿದನೂರು ಬಂತು, ಆಸ್ಪತ್ರೆಯ ವಾಸನೆ, ಬಿಳಿ ಕೋಟಿನ ಡಾಕ್ಟರು ಕೈ ತೊಳೆಯುತ್ತಾ ಅಂದರು, ಜೀವಕ್ಕೇನಿಲ್ಲಮ್ಮ, ನರ ಕಡಿದಿದೆ, ಆ ಕಾಲೂರಿ ನಡೆಯೋದು ಕಷ್ಟ. ಅತ್ತೆ ಮಂಪರಿನಲ್ಲಿ, ಅವನೇನಾದ್ರೂ ಉಂಡ್ನಾ ಕೇಳಮ್ಮ. ಕೇಳುವುದೇನು, ಹೊರಗೆ ಜಗಲಿಯಲ್ಲಿ ಕೂತಿದ್ದಾನೆ, ಗಾಡಿಯ ಹಿಂದೆ ನಡೆದು ಬಂದವನು — ಒಳಗೆ ಬನ್ನಿ, ಅಮ್ಮ ಕರೀತಾವ್ರೆ, ಅಲುಗಲಿಲ್ಲ, ಕೈ ನೋಡಿದಳು, ಒಂದು ಮೇಲೆ, ಒಂದು ಕೆಳಗೆ, ಕೋಲು ಹಿಡಿದ ಹಾಗೇ ಬೆರಳು ಮಡಚಿಕೊಂಡೇ ಇವೆ, ಕೈ ಬಿಡಿ ಅಂದಳು, ಏನೂ ಇಲ್ಲ ಕೈಯಲ್ಲಿ, ಬಿಡಿ, ಪಕ್ಕ ಕೂತು ಒಂದೊಂದೇ ಬೆರಳು ಬಿಡಿಸಿದಳು, ಬಿಡಿಸಿದಷ್ಟು ಹೊತ್ತು ತೆರೆದಿದ್ದವು, ಅವಳು ಬಿಟ್ಟ ಕೂಡಲೇ ಮತ್ತೆ ಮಡಚಿಕೊಂಡವು, ಬರೀ ಗಾಳಿಯನ್ನು ಹಿಡಿದು, ಒಂದು ಮೇಲೆ, ಒಂದು ಕೆಳಗೆ, ಒಂದು ಮೇಲೆ —