ಟ್ಯಾಂಕಿಗೆ ನೀರಿನ ಪೈಪ್ ಹಾಕಿದ ಪ್ಲಂಬರ್

ವ್ಯಾನಿನೊಳಗೆ ಕೂತರೆ ಸಾಕು, ಪೆಟ್ರೋಲ್ ವಾಸನೆ ಮೂಗಿಗೆ ಬಡಿಯುತ್ತಿತ್ತು. ಹೆಂಡತಿ ಹೇಳಿ ಹೇಳಿ ಸೋತಿದ್ದಳು. ಪ್ಲಂಬರ್ ಮಾತ್ರ ಕಿವಿಗೇ ಹಾಕಿಕೊಳ್ಳಲಿಲ್ಲ.

"ಪೆಟ್ರೋಲ್ ಗಾಡೀಲಿ ಪೆಟ್ರೋಲ್ ವಾಸನೆ ಬರದೆ ಸೆಂಟಿನ ವಾಸನೆ ಬರುತ್ತಾ?" ಎಂದು ನಕ್ಕುಬಿಡುತ್ತಿದ್ದ.

ಪೆಟ್ರೋಲ್ ಹಾಕುವ ಬಾಯಿಂದ ಟ್ಯಾಂಕಿಗೆ ಹೋಗುವ ಕೊಳವೆ ತುಕ್ಕು ಹಿಡಿದು ತೂತಾಗಿತ್ತು. ಗ್ಯಾರೇಜಿಗೆ ಹೋಗಲು ಇವನಿಗೆ ಮನಸ್ಸಿಲ್ಲ. ಬೀದಿಯ ಮನೆಗಳಿಗೆಲ್ಲ ಪೈಪ್ ಕೂರಿಸಿದ ಕೈ ಅಲ್ಲವೇ! ನೀರಿನ ಮೋಟರಿಗೆ ಹಾಕುವ ದಪ್ಪ ಪೈಪನ್ನು ಕತ್ತರಿಸಿ ತುರುಕಿದ, ತಂತಿ ಬಿಗಿದ, ಕೈ ಒರೆಸಿಕೊಂಡ. ಹಿಂದಿನ ಸೀಟಿನ ಮಗ್ಗುಲಲ್ಲೇ ಆ ಪೈಪ್ ಹಾದುಹೋಗುತ್ತಿತ್ತು.

ಭಾನುವಾರ ಅವನ ಅಕ್ಕ ಮನೆಗೆ ಬಂದಳು. ಅವಳು ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಅದೇ ಹೊತ್ತಿಗೆ ಪ್ಲಂಬರ್ ವ್ಯಾನಿನ ಹಿಂಬಾಗಿಲು ತೆಗೆದು, ಯಾರದೋ ಮನೆಯ ನಲ್ಲಿಗೆ ಬೇಕಿದ್ದ ಪ್ಲಾಸ್ಟಿಕ್ ಪೈಪಿನ ತುದಿ ಕಾಯಿಸಲೆಂದು ಗ್ಯಾಸ್ ಬರ್ನರ್ ಹಚ್ಚುವುದರಲ್ಲಿದ್ದ. ಹಿಂದಿನ ಸೀಟಿನಲ್ಲಿ ಅವನ ಪುಟ್ಟ ಮಗಳು ನಿದ್ದೆಹೋಗಿದ್ದಳು.

"ಹಚ್ಚಬೇಡ!"

ಪೆಟ್ರೋಲ್ ವಾಸನೆ ಬಡಿದೊಡನೆ ಅಕ್ಕ ಕೂಗಿದ ರಭಸಕ್ಕೆ ಲೈಟರ್ ಕೈಜಾರಿತು. ಅವಳು ಮೊದಲು ಮಗುವನ್ನು ಬಾಚಿ ಎತ್ತಿ ಅದರ ತಾಯಿಯ ಕೈಗೆ ಕೊಟ್ಟಳು. "ದೂರ ಕರ್ಕೊಂಡು ಹೋಗಮ್ಮ."

"ಏನಾಯ್ತಕ್ಕ? ಟ್ಯಾಂಕಿಗೆ ನಾನೇ ಹೊಸ ಪೈಪ್ ಹಾಕಿದ್ದೀನಿ ಕಣೇ. ನಾನು ಹಾಕಿದ ಒಂದು ಜಾಯಿಂಟೂ ಸೋರಿದ್ದಿಲ್ಲ. ಅಷ್ಟು ನೀರು ತಡಿಯೋ ಪೈಪು ಇಷ್ಟು ಪೆಟ್ರೋಲ್ ತಡಿಯಲ್ವಾ?"

"ಬಾ ಇಲ್ಲಿ. ನೀನೇ ಮುಟ್ಟಿ ನೋಡು."

ಮಗಳು ಕಾಲಿಡುವ ಜಾಗದ ಮ್ಯಾಟನ್ನು ಅಕ್ಕ ಎತ್ತಿದಳು. ಅಡಿಯೆಲ್ಲ ಒದ್ದೆ. ಅವನು ಪೈಪ್ ಹಿಡಿದ. ಗಟ್ಟಿಯಿದ್ದದ್ದು ಉಬ್ಬಿ ಮೆತ್ತಗಾಗಿತ್ತು. ಬೆರಳು ಒತ್ತಿದಲ್ಲಿ ಬಿರುಕು ಬಾಯಿಬಿಟ್ಟಿತು. ಆ ಲೈಟರ್ ಹೊತ್ತಿಕೊಂಡಿದ್ದರೆ? ಕೆಳಗೆ ಬಿದ್ದಿದ್ದ ಲೈಟರನ್ನು ಎತ್ತಿಕೊಂಡು ಹೋಗಿ ದೂರ ಇಟ್ಟುಬಂದ.

"ನೀರಿನ ಪೈಪನ್ನ ಪೆಟ್ರೋಲ್ ತಿಂದುಹಾಕುತ್ತೆ ಕಣೋ." ಅಕ್ಕ ಆ ಬಿರುಕನ್ನು ತೋರಿಸಿದಳು. "ಪೆಟ್ರೋಲ್ ತಡಿಯೋಕೆ ಅಂತಲೇ ಬೇರೆ ಪೈಪ್ ಬರುತ್ತೆ. ಅದೂ ನಿನ್ನ ಗಾಡಿ ಅಳತೆದೇ ಬೇಕು. ಎರಡೂ ತುದಿಗೆ ಕ್ಲಿಪ್ ಬಿಗೀಬೇಕು. ಪಕ್ಕದಲ್ಲಿ ಗಾಳಿಗೆ ಅಂತ ಸಣ್ಣ ಪೈಪ್ ಇತ್ತಲ್ಲ, ಎಲ್ಲಿ?"

"ಅದು... ಯಾತಕ್ಕೂ ಬರಲ್ಲ ಅಂತ ಕಿತ್ತು ಬಿಸಾಕಿದೆ."

ಅಕ್ಕ ಹಣೆ ಚಚ್ಚಿಕೊಂಡಳು. "ಟ್ಯಾಂಕಿನ ಗಾಳಿ ಅದರಲ್ಲೇ ಹೊರಗೆ ಹೋಗ್ಬೇಕು. ಇಲ್ಲದಿದ್ರೆ ತುಂಬಿಸುವಾಗ ಪೆಟ್ರೋಲ್ ಉಕ್ಕಿ ಬರುತ್ತೆ. ನಾನು ಯಾವತ್ತಾದ್ರೂ ನಿನ್ನ ನಲ್ಲಿ ರಿಪೇರಿಗೆ ಬಂದಿದ್ದೀನಾ?"

"ಇನ್ಮೇಲೆ ಕೈ ಹಾಕಲ್ಲ ಅಕ್ಕ. ನೀನು ಹೇಳಿದ ಹಾಗೇ ಆಗಲಿ."

ಅವತ್ತು ವ್ಯಾನನ್ನು ಸ್ಟಾರ್ಟ್ ಕೂಡ ಮಾಡಲು ಅಕ್ಕ ಬಿಡಲಿಲ್ಲ. ಗ್ಯಾರೇಜಿನವರು ಬಂದು ಎಳೆದುಕೊಂಡು ಹೋದರು. ಸರಿಯಾದ ಪೈಪು, ಗಾಳಿ ಪೈಪು, ಕ್ಲಿಪ್ಪು ಎಲ್ಲ ಕೂರಿಸಿ, ಪೆಟ್ರೋಲ್ ತುಂಬಿಸಿ, ಒಂದು ತೊಟ್ಟೂ ಸೋರುತ್ತಿಲ್ಲವೆಂದು ನೋಡಿದ ಮೇಲೇ ವಾಪಸ್ ಕೊಟ್ಟರು. ಆದರೂ ಮಗಳು ಹತ್ತಲು ಬಂದಾಗ ಪ್ಲಂಬರ್ "ತಡಿಯಮ್ಮ" ಎಂದ. ತಾನೇ ಒಳಗೆ ಹೋಗಿ ಸೀಟಿನ ಮಗ್ಗುಲಿಗೆ ಬಗ್ಗಿ, ಪೈಪನ್ನು ಉದ್ದಕ್ಕೂ ತಡವಿ ನೋಡಿ ಬಂದು, ಆಮೇಲೆ ಅವಳನ್ನು ಎತ್ತಿ ಕೂರಿಸಿದ.

ನಿಮ್ಮ ಗಾಡಿಯಲ್ಲೂ ಪೆಟ್ರೋಲ್ ವಾಸನೆ ಬರುತ್ತಿದೆಯೇ? ಮಾಮೂಲಿ ಎಂದು ಸುಮ್ಮನಿರಬೇಡಿ. ಬೆಂಕಿಕಡ್ಡಿ, ಬೀಡಿ ಹತ್ತಿರ ತರಬೇಡಿ, ಗಾಡಿ ಸ್ಟಾರ್ಟ್ ಮಾಡಬೇಡಿ. ಕೈಗೆ ಸಿಕ್ಕ ಪೈಪ್ ತುರುಕದೆ, ಬಲ್ಲವರಿಂದ ಸರಿಯಾದದ್ದನ್ನೇ ಹಾಕಿಸಿ. ಆದರೆ ಮೆಕ್ಯಾನಿಕ್‌ಗೆ ಫೋನ್ ಮಾಡುವುದಕ್ಕೂ ಮೊದಲು, ಒಳಗೆ ಕೂತಿರುವವರನ್ನು ಕೆಳಗಿಳಿಸಿ.