ಕತ್ತರಿ ಹೆದರಿದ ಕೊಂಬೆ

ಕಾದ ಕಬ್ಬಿಣವನ್ನು ಎಣ್ಣೆಯಲ್ಲಿ ಅದ್ದಿದಾಗ ಏಳುವ ಹೊಗೆಯ ಕಮಟು ವಾಸನೆ. ಬಾಲ್ಯವೆಂದರೆ ನನಗೆ ನೆನಪಾಗುವುದು ಅದೇ. ನಾನು ಒಂದು ಗಿಡದ ಕತ್ತರಿ. ಸಾಣೆಗೆ ಹಿಡಿದ ದಿನ ಕಿಡಿ ಹಾರುವುದನ್ನು ಕಂಡು, ಪೂರ್ತಿ ಸವೆದುಹೋಗುತ್ತೇನೆಂದು ಹೆದರಿದ್ದೆ. ನನ್ನನ್ನು ಮಾಡಿದ ಮುದುಕ ಒಂದು ಹಸಿ ಕಡ್ಡಿಯನ್ನು ಬಾಯಿಗೆ ಕೊಟ್ಟು ಪರೀಕ್ಷಿಸಿ, "ಬೆರಳು ದಪ್ಪಕ್ಕೆ ನೀನು ಸೈ. ಅದಕ್ಕಿಂತ ದೊಡ್ಡದು ನಿನಗಲ್ಲ" ಅಂದ. ಆ ಮಾತನ್ನು ಕೇಳಿಸಿಕೊಂಡದ್ದು ನಾನೊಬ್ಬನೇ.

ತುಮಕೂರಿನ ಒಂದು ಅಂಗಡಿಯಲ್ಲಿ ನನ್ನನ್ನು ಮೊಳೆಗೆ ತೂಗುಹಾಕಿದರು. ಪಕ್ಕದ ಮೊಳೆಯಲ್ಲಿ ಬಾಗಿದ ಬೆನ್ನಿನ ಗರಗಸವೊಂದು ಇತ್ತು. ಒಂದು ಭಾನುವಾರ ರುದ್ರೇಶ ಮತ್ತು ಅವರ ಹೆಂಡತಿ ವಾಸಂತಿ ಬಂದರು.

"ಹಿತ್ತಲಲ್ಲಿ ನಾಲ್ಕು ಗಿಡ ಇದೆ. ಸವರೋದಕ್ಕೆ ಯಾವುದು ತಗೋಬೇಕು?" ಎಂದು ವಾಸಂತಿ ಕೇಳಿದರು.

"ಎಳೇದಕ್ಕೆ ಈ ಕತ್ತರಿ, ಬಲಿತಿದ್ದಕ್ಕೆ ಆ ಗರಗಸ. ಎರಡೂ ಇರಲಿ ಅಕ್ಕ" ಎಂದ ಅಂಗಡಿಯವನು.

ರುದ್ರೇಶ ನಕ್ಕರು. "ಗರಗಸ ಯಾಕಪ್ಪ? ನಾವೇನು ಸಾಮಿಲ್ ಇಡ್ತಿದ್ದೀವಾ? ಕತ್ತರಿ ಒಂದೇ ಕೊಡು."

ಗರಗಸ ಅಲ್ಲೇ ಉಳಿಯಿತು. ನಾನು ಚೀಲದಲ್ಲಿ ಒಬ್ಬನೇ ಹೊರಟೆ.

ಆ ಹಿತ್ತಲಲ್ಲಿ ಮೊದಲು ಸತ್ತದ್ದು ದಾಸವಾಳ. ಅದರ ಬಲಿತ ಕೊಂಬೆಗೆ ರುದ್ರೇಶ ನನ್ನನ್ನು ಕಚ್ಚಿಸಿದರು. ಅರ್ಧಕ್ಕೆ ಸಿಕ್ಕಿಕೊಂಡೆ. ಅವರು ಕೈಯಲ್ಲೇ ತಿರುಚಿ ಎಳೆದರು. ಸಿಪ್ಪೆ ಬುಡದವರೆಗೂ ಸುಲಿದು ಬಂತು. ಗಾಯದೊಳಗೆ ನೀರಿಳಿದು ಗಿಡ ಕೊಳೆಯಿತು. ಅಂದಿನಿಂದ ಅವರ ಚಪ್ಪಲಿಯ ಸದ್ದು ಹತ್ತಿರ ಬಂದರೆ ಸಾಕು, ನನ್ನ ಸ್ಪ್ರಿಂಗು ತಾನಾಗಿ ಬಿಗಿಯುತ್ತಿತ್ತು.

ಉಳಿದದ್ದರಲ್ಲಿ ದೊಡ್ಡದು ನಿಂಬೆ ಗಿಡ. ಅದನ್ನು ನೆಟ್ಟವರು ರುದ್ರೇಶರ ತಾಯಿ ಪುಟ್ಟಗೌರಮ್ಮ. ದೊಡ್ಡ ಜ್ವರದಿಂದ ಎದ್ದ ಮೇಲೆ ಆ ಗಿಡದ ಹಣ್ಣು ಹಿಂಡದೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಪೇಟೆಯ ಹಣ್ಣು ತಂದರೆ, "ಹುಳಿ ಇದೆ, ಗಮಲಿಲ್ಲ" ಎಂದು ತಟ್ಟೆ ಸರಿಸುತ್ತಿದ್ದರು. ದಿನದಿನಕ್ಕೆ ಇಳಿದುಹೋಗಿದ್ದರು.

ಆ ನಿಂಬೆಯ ಒಂದು ಕೊಂಬೆ ತುದಿಯಿಂದ ಒಣಗತೊಡಗಿತು. ಒಣಗು ಕಾಂಡದ ಕಡೆಗೆ ಇಳಿಯುತ್ತಿತ್ತು. ಕೊಂಬೆ ತೆಗೆಯದಿದ್ದರೆ ಗಿಡ ಹೋಗುತ್ತದೆ. ಕೆಟ್ಟದಾಗಿ ತೆಗೆದರೂ ಹೋಗುತ್ತದೆ. ಆ ಕೊಂಬೆ ಮಣಿಕಟ್ಟಿನಷ್ಟು ದಪ್ಪ ಇತ್ತು.

ಒಂದು ಸಂಜೆ ಚಪ್ಪಲಿಯ ಸದ್ದು ಬಂತು.

"ರೀ, ಇದರಲ್ಲಿ ಆಗಲ್ಲ" ಎಂದರು ವಾಸಂತಿ.

"ಆಗತ್ತೆ. ಸ್ವಲ್ಪ ಜೋರು ಬೇಕಷ್ಟೆ."

ಎರಡೂ ಕೈಯಿಂದ ಅದುಮಿದರು. ನನ್ನ ಒಂದು ಹಿಡಿ ಬಾಗಿತು. ತಿರುಪು ಕಿರುಗುಟ್ಟಿತು. ನಾನು ಮುರಿಯುವುದು ಮೊದಲೋ ಗಿಡ ಸುಲಿಯುವುದು ಮೊದಲೋ ತಿಳಿಯಲಿಲ್ಲ. ಅವರು ತಿರುಚಲು ಕೊಂಬೆಗೆ ಕೈ ಹಾಕಿದರು.

ಹಿತ್ತಲ ಬಾಗಿಲಲ್ಲಿ ಪುಟ್ಟಗೌರಮ್ಮ ಗೋಡೆ ಹಿಡಿದು ನಿಂತಿದ್ದರು. "ರುದ್ರಾ, ದೀಪ ಹಚ್ಚಿ ಆಯ್ತು. ಗಿಡ ಮಲಗಿದೆ. ಬಿಡಪ್ಪ."

"ಒಂದೇ ನಿಮಿಷ ಅಮ್ಮ."

"ಮಲಗಿದ್ದನ್ನ ಎಬ್ಬಿಸಿ ಕೊಯ್ತಾರೇನೋ? ಬೆಳಗ್ಗೆವರೆಗೆ ಅದೇನು ಓಡಿಹೋಗಲ್ಲ."

ರುದ್ರೇಶ ಗೊಣಗುತ್ತಾ ಒಳಗೆ ಹೋದರು. ನಾನು ಕೊಂಬೆಯನ್ನು ಕಚ್ಚಿಕೊಂಡೇ ಉಳಿದೆ. ಗಾಳಿ ಬೀಸಿದಾಗಲೆಲ್ಲ ಕೊಂಬೆ ತೂಗುತ್ತಿತ್ತು. ಈಗ ಸುಲಿಯಿತು, ಈಗ ಸುಲಿಯಿತು ಎಂದು ಕಾದೆ. ಆ ಮುದುಕಮ್ಮನ ತುತ್ತು ಕಿತ್ತುಕೊಂಡ ಬಾಯಿ ನನ್ನದೇ ಆಗುವುದೇ ಎಂಬ ಭಯ.

ಬೆಳಗ್ಗೆ ಗೇಟಿನ ಸದ್ದಾಯಿತು. ವಾಸಂತಿಯ ಕೈಯಲ್ಲಿ ಬಾಗಿದ ಬೆನ್ನಿನ ಗರಗಸ. ನನ್ನ ಪಕ್ಕ ತೂಗುತ್ತಿದ್ದದ್ದೋ, ಅದರ ತಂಗಿಯೋ.

"ಸಾಮಿಲ್ ಇಟ್ಟೇಬಿಟ್ಟೆಯಲ್ಲ" ಎಂದರು ರುದ್ರೇಶ. ಆದರೆ ಕೈಚಾಚಿ ಗರಗಸವನ್ನು ತೆಗೆದುಕೊಂಡರು.

"ಮೇಲಿಂದ ಶುರು ಮಾಡಬೇಡಿ. ಮೊದಲು ಕೆಳಗಿಂದ ಒಂದಿಷ್ಟು ಕೊಯ್ಯಿರಿ. ಇಲ್ಲಾಂದ್ರೆ ಬೀಳುವಾಗ ಸಿಪ್ಪೆ ಕಿತ್ಕೊಂಡು ಬರತ್ತೆ. ದಾಸವಾಳಕ್ಕೆ ಆಗಿದ್ದು ಅದೇ" ಎಂದರು ವಾಸಂತಿ.

ರುದ್ರೇಶ ಖಾಲಿ ಬಿದ್ದಿದ್ದ ದಾಸವಾಳದ ಪಾತಿಯ ಕಡೆ ನೋಡಿದರು. ಕೊಂಬೆಯ ಕೆಳಗೆ ಬಾಗಿ ಒಂದಿಷ್ಟು ಕೊಯ್ದರು. ಆಮೇಲೆ ಮೇಲಿಂದ ಕೊಯ್ದರು. ಕೊಂಬೆ ನನ್ನನ್ನೂ ಹೊತ್ತುಕೊಂಡು ನೆಲಕ್ಕೆ ಬಿತ್ತು. ಸಿಪ್ಪೆ ಸುಲಿಯಲಿಲ್ಲ. ಕೊಯ್ದ ಜಾಗ ಬಿಳಿಯಾಗಿ, ಹಸಿಯಾಗಿತ್ತು. ಒಣಗು ಅಲ್ಲಿಯವರೆಗೆ ತಲುಪಿರಲಿಲ್ಲ.

ವಾಸಂತಿ ನನ್ನನ್ನು ಬಿಡಿಸಿ, ಬಿಸಿನೀರಲ್ಲಿ ತೊಳೆದು, ಒರೆಸಿ, ತಿರುಪಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟರು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ.

ಉಳಿದ ಕೊಂಬೆಗಳೂ ಎಲೆ, ಕಾಯಿ ಉದುರಿಸಿದವು; ಗಿಡ ಮತ್ತೆ ಚಿಗುರಲು ಬಹಳ ಕಾಲ ಬೇಕಾಯಿತು. ಅಡುಗೆಮನೆಯ ಕಿಟಕಿಯಲ್ಲಿ ಕುಳಿತು ನಾನು ಎರಡನ್ನೂ ನೋಡುತ್ತಿದ್ದೆ, ಹೊರಗೆ ಆ ಬೋಳು ಕಾಂಡ, ಒಳಗೆ ಎರಡೇ ತುತ್ತಿಗೆ ಸರಿಸಿದ ತಟ್ಟೆ. ಯಾವುದು ಮೊದಲು ಸೋಲುತ್ತದೋ ಎಂದು ಹೆದರುತ್ತಿದ್ದೆ.

ಈಗ ನಾನು ಮುದಿಯಾಗಿದ್ದೇನೆ. ಹಿಡಿ ಸೊಟ್ಟ, ಬಾಯಿ ಸಡಿಲ. ಬಲಿತದ್ದಕ್ಕೆಲ್ಲ ಗರಗಸವೇ ಹೋಗುತ್ತದೆ. ಆ ಚಪ್ಪಲಿಯ ಸದ್ದಿಗೆ ಇಂದಿಗೂ ಸ್ಪ್ರಿಂಗು ಬಿಗಿಯುತ್ತದೆ. ಇವತ್ತೂ ಬಿಗಿಯಿತು. ರುದ್ರೇಶ ನನ್ನನ್ನು ಎತ್ತಿಕೊಂಡು ಹಿತ್ತಲಿಗೆ ನಡೆದರು. ಹೊಸ ರೆಂಬೆಯಲ್ಲಿ ಒಂದೇ ಒಂದು ಹಳದಿ ಹಣ್ಣಿತ್ತು. ಅವರು ಅದನ್ನು ಜಗ್ಗಲಿಲ್ಲ. ಎಳೆಯ ತೊಟ್ಟನ್ನು ನನ್ನ ಬಾಯಿಗೆ ಕೊಟ್ಟು ಮೆಲ್ಲಗೆ ಒತ್ತಿದರು. ನೋವಾಗಲಿಲ್ಲ.

ಬಿಸಿ ಅನ್ನಕ್ಕೆ ಅವರೇ ಹಣ್ಣು ಹಿಂಡಿ, ಕಲಸಿ, ತಾಯಿಯ ಮುಂದೆ ತಟ್ಟೆ ಹಿಡಿದರು. ಪುಟ್ಟಗೌರಮ್ಮ ಒಮ್ಮೆ ಮೂಸಿ ನೋಡಿ, ಎರಡೂ ಕೈಯಿಂದ ಅದನ್ನು ತೆಗೆದುಕೊಂಡರು.