ಕಾಲೂರದ ಸವಾರಿ

ದೇವರು ಮನುಷ್ಯನಿಗೆ ಕಾಲು ಕೊಟ್ಟಿದ್ದು ನೆಲದ ಮೇಲೆ ಊರಲಿ ಅಂತ. ನಮ್ಮ ಯಜಮಾನರು ಮಾತ್ರ ಅದನ್ನು ದೊಡ್ಡ ಅವಮಾನ ಎಂದು ತಿಳಿದಿದ್ದರು. ಎಂಬತ್ತನಾಲ್ಕರ ದೀಪಾವಳಿಗೆ ಊರಿಗಾಂನ ಗಣಿ ಕೆಲಸದ ಆರುಮುಗಂ ಹತ್ತಿರ ಒಂದು ಹಳೇ ಸೈಕಲ್ ಕೊಂಡು ತಂದರು. "ಅಣ್ಣೇ, ಇದು ಸೈಕಲ್ ಇಲ್ಲೆ, ಕುದುರೆ" ಎಂದು ಅವನು ಅರ್ಧ ತಮಿಳಲ್ಲಿ ಹೊಗಳಿದ್ದೇ ತಪ್ಪಾಯಿತು. ಅಂದಿನಿಂದ ಇವರು ನೆಟ್ಟಗಿನ ರಸ್ತೆಯನ್ನೇ ಬಿಟ್ಟರು.

ಬಂಗಾರಪೇಟೆಯಿಂದ ನಾಲ್ಕು ಮೈಲಿ ಒಳಗಿರುವ ನಮ್ಮ ಹಳ್ಳಿಯಲ್ಲಿ ಆಗ ಹಾಲಿನ ಡೈರಿ ಇರಲಿಲ್ಲ. ಕೆರೆಯಾಚೆಯ ಊರಿಗೆ ಹೋಗಿ ಹಾಲು ಹಾಕಬೇಕಿತ್ತು. ಗಾಡಿ ರಸ್ತೆ ಕೆರೆಯನ್ನು ಸುತ್ತಿ ಹೋಗುತ್ತಿತ್ತು. ಮೇಕೆಗಳು ತಮ್ಮ ಪಾಡಿಗೆ ಒಂದು ಅಡ್ಡದಾರಿ ಮಾಡಿಕೊಂಡಿದ್ದವು. ನೀಲಗಿರಿ ತೋಪಿನೊಳಗೆ ನುಗ್ಗಿ, ಬಂಡೆ ಇಳಿದು, ಕೆರೆ ಏರಿ ಹಿಡಿದು, ಕೋಡಿ ದಾಟುವ ದಾರಿ. ಯಜಮಾನರು ಆ ಮೇಕೆ ದಾರಿಯಲ್ಲೇ ಸೈಕಲ್ ಬಿಡತೊಡಗಿದರು. ತೋಪಿನ ಬಾಯಿಂದ ಕೋಡಿಯವರೆಗೆ ಕಾಲು ಕೆಳಗೆ ಊರಬಾರದು, ಅದು ಅವರ ಪಣ. ಬೇರಿನ ಮೇಲೆ ಹಾರಿ, ಒಣಗಿದೆಲೆಯ ಮೇಲೆ ಜಾರಿ, ಬಂಡೆಯ ಮೇಲೆ ದಡದಡ ಇಳಿದು ಹೋಗುವುದನ್ನು ನೋಡಲು ಕುರಿ ಕಾಯುವವರು ಕೆಲಸ ಬಿಟ್ಟು ನಿಲ್ಲುತ್ತಿದ್ದರು. ಅಷ್ಟು ಸಾಕಾಗಿತ್ತು ಇವರಿಗೆ. ಹೊಗಳಿದರೆ ಹೊಂಡಕ್ಕೂ ಹಾರುವ ಜಾತಿ.

ಕ್ಯಾರಿಯರ್ ಪಕ್ಕದ ಕೊಕ್ಕೆಯಲ್ಲಿ ನೇತಾಡುತ್ತಿದ್ದುದು ನನ್ನ ಹಾಲಿನ ಕ್ಯಾನು. ಹಸು ನನ್ನ ತವರಿನದು, ಡೈರಿ ಪುಸ್ತಕದಲ್ಲಿದ್ದ ಮೆಂಬರ್ ಹೆಸರೂ ನನ್ನದೇ, ಮುನಿರತ್ನಮ್ಮ ಅಂತ. ಐದು ವರ್ಷ ನಾನೇ ತಲೆಯ ಮೇಲೆ ಹೊತ್ತು ರಸ್ತೆಯಲ್ಲಿ ಹೋಗಿ ಹಾಲು ಹಾಕಿದ್ದೆ. ಹಾಲಿನ ಬಗ್ಗೆ ಒಬ್ಬರೂ ಒಂದು ಮಾತಾಡಿರಲಿಲ್ಲ. ಸೈಕಲ್ ಬಂದ ಮೇಲೆ ಆ ಕೆಲಸ ಇವರದಾಯಿತು. ಒಂದು ತಿಂಗಳೂ ಕಳೆದಿರಲಿಲ್ಲ, ಡೈರಿಯ ಸೆಕ್ರೆಟರಿ ಶ್ರೀನಿವಾಸಪ್ಪ ನನಗೆ ಹೇಳಿ ಕಳಿಸಿದರು. ಹೋದೆ.

"ನಾಲ್ಕು ಬತ್ತಿದ್ದ ಫ್ಯಾಟು ಎರಡಕ್ಕೆ ಇಳಿದೈತೆ. ಮನೇಲಿ ಬೆಣ್ಣೆ ತೆಗ್ದು ಆಲು ಕಳಿಸ್ತಿದ್ದೀಯ ಮುನಿರತ್ನಮ್ಮ. ಸೋಮವಾರ ಪುಸ್ತಕದಿಂದ ನಿನ್ನ ಎಸರು ಒಡ್ದಾಕ್ತೀನಿ" ಎಂದರು ಶ್ರೀನಿವಾಸಪ್ಪ, ಎಲ್ಲರ ಎದುರಿಗೇ.

ಸಾಲಿನಲ್ಲಿ ನಿಂತಿದ್ದ ನಮ್ಮೂರಿನ ಸುಬ್ಬಲಕ್ಷ್ಮಮ್ಮ "ಅದ್ಕೇ ನೋಡು, ಶುಕ್ರವಾರ ಬಂಗಾರಪೇಟೆ ಸಂತೆಗೆ ಓಗೋದು" ಎಂದು ಪಕ್ಕದವಳಿಗೆ ಕೇಳಿಸುವಂತೆ ಹೇಳಿದಳು. ನಾನು ಸಂತೆಗೆ ಹೋಗುತ್ತಿದ್ದುದು ಹುಣಸೆಹಣ್ಣು ಮಾರಲು. ನನಗೆ ಅಳು ಬಂತು. ಅಳುವಿಗಿಂತ ಮುಂಚೆ ಸಿಟ್ಟು ಬಂತು.

"ಶ್ರೀನಿವಾಸಪ್ಪಣ್ಣ, ಸೋಮವಾರ ನೀವೇ ನಮ್ಮನೆಗೆ ಬನ್ನಿ. ನಿಮ್ಮ ಕಣ್ಣೆದುರಿಗೇ ಕರೀತೀನಿ. ನೀವೇ ಮೊಹರು ಆಕಿ, ನೀವೇ ಕ್ಯಾನಿನ ಜತೆ ಬನ್ನಿ. ಅಷ್ಟೂ ಸಾಲ್ದಿದ್ರೆ ಮುನೇಶ್ವರನ ಮುಂದೆ ಕರ್ಪೂರ ಆರಿಸ್ತೀನಿ, ನಮ್ಮನೆಯೋರೂ ಆರಿಸ್ತಾರೆ" ಎಂದೆ. ನಮ್ಮ ಕಡೆ ಕರ್ಪೂರ ಆರಿಸಿ ಆಣೆ ಮಾಡಿದ ಮೇಲೆ ಸುಳ್ಳು ಹೇಳಿದವರು ಉಳಿಯುವುದಿಲ್ಲ ಎಂದು ಎಲ್ಲರೂ ನಂಬುತ್ತಾರೆ.

ಜತೆಗೆ ಬಂದಿದ್ದ ಯಜಮಾನರು ತಟ್ಟನೆ "ದೇವ್ರನ್ನ ಯಾಕೆ ಎಳೀತೀಯ, ಪರೀಕ್ಷೆ ಸಾಕು" ಎಂದರು. ಎಷ್ಟು ತಿಳುವಳಿಕೆಯ ಗಂಡ ಎಂದುಕೊಂಡೆ. ಪೆದ್ದಿ ನಾನು.

ಸೋಮವಾರ ಬೆಳಿಗ್ಗೆ ಶ್ರೀನಿವಾಸಪ್ಪ ಬಂದರು. ಕೆಚ್ಚಲಿನ ಪಕ್ಕದಲ್ಲೇ ಕೂತು, ಕರೆದ ಹಾಲಿನಲ್ಲಿ ಒಂದು ಸೀಸೆ ತುಂಬಿಸಿ ಜೇಬಿಗಿಟ್ಟುಕೊಂಡರು. ಉಳಿದ ಮೂರು ಲೀಟರನ್ನು ಐದು ಲೀಟರಿನ ಕ್ಯಾನಿಗೆ ಹುಯ್ದು, ಮುಚ್ಚಳಕ್ಕೆ ದಾರ ಸುತ್ತಿ ಅರಗು ಹಾಕಿದರು. ಆಮೇಲೆ ಕ್ಯಾರಿಯರ್ ಮೇಲೆ ಕೂತರು. ಸೈಕಲ್ ಒಂದು ಸಲ ನರಳಿತು. ಶ್ರೀನಿವಾಸಪ್ಪನವರದು ಡೈರಿಯ ಎಮ್ಮೆಗಳಿಗೂ ಮರ್ಯಾದೆ ಹುಟ್ಟಿಸುವಂಥ ಮೈಕಟ್ಟು.

"ಸೊಣ್ಣಪ್ಪ, ರಸ್ತೇಲಿ ಓಗಪ್ಪ" ಎಂದರು ಅವರು.

"ದಿನಾ ಓಗೋ ದಾರೀಲೇ ಓದ್ರೆ ತಾನೆ ಪರೀಕ್ಷೆ" ಎಂದು ನಾನೇ ಹೇಳಿದೆ. ಬೇಲಿ ಮೇಲಿನ ಓತಿಕ್ಯಾತ ಎತ್ತಿ ಮೈಮೇಲೆ ಬಿಟ್ಟುಕೊಂಡ ಹಾಗೆ ಆಗಬಹುದು ಎಂದು ಆಗ ಹೊಳೆಯಲಿಲ್ಲ.

ಸೀರೆ ಎತ್ತಿಕಟ್ಟಿ ಹಿಂದೆಯೇ ಓಡಿದೆ. ತೋಪಿನಲ್ಲಿ ಮೊದಲ ಬೇರು ಬಂದಾಗ ಸೆಕ್ರೆಟರಿ "ಅಯ್ಯೋ" ಎಂದರು. ಎರಡನೆಯದಕ್ಕೆ "ನಿಲ್ಸೋ" ಎಂದರು. ಮೂರನೆಯದಕ್ಕೆ ಒಂದು ಕೈಯಲ್ಲಿ ಯಜಮಾನರ ಸೊಂಟ, ಇನ್ನೊಂದು ಕೈಯಲ್ಲಿ ಮೊಹರು ಹಿಡಿದುಕೊಂಡರು. ಬಂಡೆಯ ಹತ್ತಿರ ಕುರಿ ಕಾಯುವ ಕೊಂಡಪ್ಪ "ಸೊಣ್ಣಪ್ಪಣ್ಣೋ, ಕಾಲೂರ್ಬ್ಯಾಡ!" ಎಂದು ಕೂಗಿಬಿಟ್ಟ. ಇನ್ನು ಕೇಳಬೇಕೇ? ದಡದಡ, ದಡದಡ. ಕೆರೆ ಏರಿಯ ಮೇಲೆ ತೂಬಿನ ಕಲ್ಲುಗಳಿಗೆ ಒಂದೊಂದಕ್ಕೂ ಸೆಕ್ರೆಟರಿ ಒಂದೊಂದು ದೇವರ ಹೆಸರು ಹೇಳಿದರು. ಕೋಡಿ ದಾಟುವಾಗ ಹೆಸರುಗಳು ಮುಗಿದು ಗಂಗಮ್ಮನೇ ಎರಡನೇ ಸಲ ಬಂದಳು.

ಡೈರಿ ಕಟ್ಟೆಯ ಮೇಲೆ ಅವರನ್ನು ಇಬ್ಬರು ಹಿಡಿದು ಇಳಿಸಿಕೊಂಡರು. ಅಂಥ ಸ್ಥಿತಿಯಲ್ಲೂ ಕರ್ತವ್ಯ ಮರೆಯುವ ಮನುಷ್ಯ ಅಲ್ಲ ಅವರು. ನಾನು ಏದುಸಿರು ಬಿಡುತ್ತಾ ತಲುಪುವ ಹೊತ್ತಿಗೆ ಅರಗು ಒಡೆದು, ಎಲ್ಲರಿಗೂ ಕಾಣುವಂತೆ ಮುಚ್ಚಳ ತೆಗೆದು ತಲೆಕೆಳಗು ಮಾಡಿದರು. ಮುಚ್ಚಳದ ಒಳಗೆ, ಕ್ಯಾನಿನ ಕತ್ತಿನ ಸುತ್ತ, ನಿಂಬೆಹಣ್ಣು ಗಾತ್ರದ ಬೆಣ್ಣೆ ಮೆತ್ತಿಕೊಂಡಿತ್ತು. ಅಷ್ಟರಲ್ಲಿ ಪಕ್ಕದಿಂದ ಒಂದು ಕೈ ಬಂತು. ತೋರುಬೆರಳು ಮುಚ್ಚಳವನ್ನು ಒಂದು ಸುತ್ತು ಸವರಿತು, ಕ್ಯಾನಿನ ಕತ್ತನ್ನು ಇನ್ನೊಂದು ಸುತ್ತು ಸವರಿತು, ನೆಟ್ಟಗೆ ಬಾಯಿಗೆ ಹೋಯಿತು. ಕೈ ನಮ್ಮ ಯಜಮಾನರದು. ನುಂಗಿದ ಮೇಲೆ ಅವರಿಗೆ ಎಲ್ಲಿದ್ದೇವೆ ಎಂಬುದು ನೆನಪಾಯಿತು.

"ಅಂದ್ರೆ ದಿನಾ..." ಎಂದರು ಶ್ರೀನಿವಾಸಪ್ಪ.

"ಕೋಡಿ ತಾವ ಉಣಿಸೇಮರದ ಕೆಳಗೆ" ಎಂದರು ಯಜಮಾನರು, ನೆಲ ನೋಡುತ್ತಾ. "ಮುಚ್ಚಳಕ್ಕೆ ಅಂಟಿದ್ದು ಆಲಿನ ಲೆಕ್ಕಕ್ಕೆ ಬರಾಕಿಲ್ಲ ಅಂದ್ಕೊಂಡಿದ್ದೆ."

ಸೀಸೆಯ ಹಾಲು ನಾಲ್ಕು ತೋರಿಸಿತು, ಕ್ಯಾನಿನದು ಎರಡು. ಅರ್ಧ ಖಾಲಿ ಕ್ಯಾನು, ಆ ದಾರಿ, ಆ ಸವಾರಿ. ಇವರು ದಿನವೂ ಬೆಳಿಗ್ಗೆ ಡೈರಿಗೆ ಹೋಗುವ ನೆಪದಲ್ಲಿ ನನ್ನ ಹಾಲು ಕಡೆಯುತ್ತಿದ್ದರು. ಒಂದು ತಿಂಗಳು ಬೆಣ್ಣೆ ತಿಂದು, ಮನೆಗೆ ಬಂದು "ಇವತ್ತೂ ಕಾಲೂರಲಿಲ್ಲ ಕಣೆ" ಎಂದು ನನ್ನ ಕೈಯಲ್ಲೇ ಬಿಸಿನೀರು ಕಾಯಿಸಿಕೊಂಡು ಸ್ನಾನ ಮಾಡಿದ್ದರು. ಊರೆಲ್ಲ ನನ್ನನ್ನು ಕಳ್ಳಿ ಅನ್ನುವಾಗಲೂ.

ಸೆಕ್ರೆಟರಿ ಸೊಂಟ ನೀವಿಕೊಳ್ಳುತ್ತಾ ಪುಸ್ತಕ ತೆರೆದರು. "ಬೆಣ್ಣೆ ತೆಗೆದೋರ ಎಸರು ಏಳಮ್ಮ, ಬರ್ಕೋತೀನಿ."

ಹೇಗೆ ಹೇಳಲಿ? ಗಂಡನ ಹೆಸರು ಬಾಯಿಬಿಟ್ಟು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ. ರೇಷನ್ ಕಾರ್ಡು ಬರೆಯಲು ಬಂದವನಿಗೂ ನಾನು ಪಕ್ಕದ ಮನೆಯವಳನ್ನು ಕರೆದು ಹೇಳಿಸಿದವಳು.

"ಏಳ್ಬ್ಯಾಡ ಕಣೆ, ನಾನೇಳ್ತೀನಿ" ಎಂದು ಸುಬ್ಬಲಕ್ಷ್ಮಮ್ಮ ಮುಂದೆ ಬಂದಳು, ಈಗ ಬಲು ಕರುಣೆಯಿಂದ.

"ಮೆಂಬರ್ ಬಾಯಿಂದಾನೇ ಬರ್ಬೇಕು. ಇಲ್ಲಾಂದ್ರೆ ಮುನಿರತ್ನಮ್ಮನ ಎಸರೇ ಇರ್ತದೆ" ಎಂದರು ಸೆಕ್ರೆಟರಿ.

ಯಜಮಾನರ ಕಡೆ ನೋಡಿದೆ. ಅವರು ಹೆಂಚು ಎಣಿಸುತ್ತಿದ್ದರು. ಮೀಸೆಯ ತುದಿಯಲ್ಲಿ ಇನ್ನೂ ಬೆಣ್ಣೆ ಹೊಳೆಯುತ್ತಿತ್ತು. ಹನ್ನೊಂದು ವರ್ಷ ಇವರ ಆಯಸ್ಸು ಕಾದಿದ್ದೇನೆ, ನನ್ನ ಮಾನ ಕಾಯಲು ಇವರಿಂದ ಒಂದು ತಿಂಗಳೂ ಆಗಲಿಲ್ಲ ಎನ್ನಿಸಿತು.

"ಸೊಣ್ಣಪ್ಪ!" ಎಂದೆ.

ಕಟ್ಟೆ ಮೇಲಿನ ಹೆಂಗಸರು ಬಾಯಿಗೆ ಸೆರಗು ಮುಚ್ಚಿಕೊಂಡರು. ಯಜಮಾನರು ಬೆಚ್ಚಿಬಿದ್ದು "ಆ, ಬಂದೆ" ಎಂದರು.

ಅವರಿಗೆ ಏನೂ ಆಗಲಿಲ್ಲ. ಗಟ್ಟಿಮುಟ್ಟಾಗಿ ಎದುರಿಗೇ ನಿಂತಿದ್ದರು. ಸೆಕ್ರೆಟರಿ ಸರಿಯಾಗಿ ಬರೆದುಕೊಳ್ಳಲಿ ಎಂದು ಇನ್ನೊಂದು ಸಲ ಹೇಳಿದೆ.